ಕಿಸುಮುವಿನ ರಾಗಿ ಗಂಜಿ

ಮೈಸೂರಿನ ನಮ್ಮ ಕ್ರೈಸ್ತ ಸಭೆಯಿಂದ ಹನ್ನೊಂದು ಜನ ಪಶ್ಚಿಮ ಕೀನ್ಯಾದ ಕಿಸುಮು ಬಳಿಯ ಹಳ್ಳಿಶಾಲೆಯೊಂದಕ್ಕೆ ಹೋಗಿ, ಎರಡು ವಾರ ಅಲ್ಲಿನ ಸಭೆಯವರೊಡನೆ ತರಗತಿಯ ಗೋಡೆಗಳಿಗೆ ಬಣ್ಣ ಬಳಿದು, ಮಳೆನೀರಿನ ತೊಟ್ಟಿ ಕಟ್ಟಲು ಕೈಜೋಡಿಸಿ ನಿನ್ನೆ ಮರಳಿದೆವು. (ನಾನು ಬಳಿದ ಗೋಡೆಗೆ ಊರಿನ ಮೇಸ್ತ್ರಿ ನಗುತ್ತಲೇ ಇನ್ನೊಂದು ಕೈ ಬಳಿದರು.) ಆ ದೇಶದಲ್ಲಿ 2003ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೋಧನಾ ಶುಲ್ಕವಿಲ್ಲವಾದರೂ ಸಮವಸ್ತ್ರದಂಥ ಖರ್ಚುಗಳು ಹೆತ್ತವರ ಮೇಲೆಯೇ ಬೀಳುತ್ತವೆ. ಬೆಳಗಿನ ಬಿಡುವಿನಲ್ಲಿ ಮಕ್ಕಳೊಡನೆ ‘ಉಜಿ’ ಎಂಬ ಗಂಜಿ ಕುಡಿದಾಗ ಮಂಡ್ಯದ ಅಜ್ಜಿಮನೆಯ ಅಂಬಲಿಯೇ ನೆನಪಾಯಿತು. ಅವರು ‘ವಿಂಬಿ’ ಎನ್ನುವ ಧಾನ್ಯ ನಮ್ಮ ರಾಗಿಯೇ. ಪೂರ್ವ ಆಫ್ರಿಕದ ಎತ್ತರದ ನೆಲವೇ ರಾಗಿಯ ತವರು, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ಅದು ನಮ್ಮ ಹೊಲಗಳಿಗೆ ಬಂದದ್ದು. ಕೊಡುವವನೆಂಬ ಬಿಂಕದಿಂದ ಹೋಗಿದ್ದ ನನಗೆ ಖಾಲಿ ಲೋಟವನ್ನು ಕೆಳಗಿಡುವಾಗ ತುಸು ನಾಚಿಕೆಯಾಯಿತು.