ಇಪ್ಪತ್ತು ತುಂಬಿದ ಹುಡುಗನಿಗೆ ಇನ್ಶೂರೆನ್ಸ್ ಅಡ್ಡಿಯಿಲ್ಲ

ಕೋಲಾರದ ಒಂದು ಲಾರಿ ಆಫೀಸಿನಲ್ಲಿ ಡ್ರೈವರ್‌ಗಳನ್ನು ಸೇರಿಸಿಕೊಳ್ಳುವುದು, ಅವರ ಡಿಎಲ್, ಗಾಡಿಗಳ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಇನ್ಶೂರೆನ್ಸ್ ನೋಡಿಕೊಳ್ಳುವುದು ನನ್ನ ಕೆಲಸ. "ಚಿಕ್ಕ ಹುಡುಗರು ಬೇಡಪ್ಪ, ಇನ್ಶೂರೆನ್ಸ್‌ನವರು ಕ್ಲೇಮ್ ಕೊಡಲ್ಲ" ಅನ್ನುವ ಮಾತನ್ನು ಓನರ್‌ಗಳ ಬಾಯಲ್ಲಿ ಕೇಳುತ್ತಲೇ ಇರುತ್ತೇನೆ. ಈ ಒಂದು ಮಾತಿಗೆ ಎಷ್ಟೋ ಒಳ್ಳೆಯ ಹುಡುಗರು ವಾಪಸ್ ಹೋಗಿದ್ದಾರೆ. ನನಗೆ ಅದು ಸಂಕಟ.

ನಮ್ಮ ಗಾಡಿಗಳ ಪಾಲಿಸಿಯಲ್ಲಿ ಡ್ರೈವರ್ ಬಗ್ಗೆ ಇರುವ ಷರತ್ತು ಚಿಕ್ಕದು. ಅಪಘಾತದ ಹೊತ್ತಿಗೆ ಓಡಿಸುತ್ತಿದ್ದವನ ಹತ್ತಿರ ಆ ಗಾಡಿಗೆ ಸಲ್ಲುವ, ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅವನು ಅನರ್ಹನಾಗಿರಬಾರದು. 25 ದಾಟಿರಬೇಕು, ಇಷ್ಟು ವರ್ಷ ಓಡಿಸಿರಬೇಕು ಅಂತ ಎಲ್ಲೂ ಇಲ್ಲ. ಸರಕು ಗಾಡಿಯ ಥರ್ಡ್ ಪಾರ್ಟಿ (ಗಾಡಿಯಿಂದ ಬೇರೆಯವರಿಗಾಗುವ ನಷ್ಟದ) ಪ್ರೀಮಿಯಂ ನಿಗದಿಯಾಗುವುದೂ ಗಾಡಿಯ ತೂಕ ನೋಡಿ. ಹಾಗೆ ನೋಡಿದರೆ ನನಗೆ ಹೆಚ್ಚು ಭಯ ಅನುಭವಸ್ಥರದ್ದೇ. ಟ್ರಾನ್ಸ್‌ಪೋರ್ಟ್ (ಸರಕು, ಬಾಡಿಗೆ ಗಾಡಿಗಳ) ಲೈಸೆನ್ಸ್ ಅವಧಿ ಐದೇ ವರ್ಷ. ಇಪ್ಪತ್ತು ವರ್ಷ ಲಾರಿ ಓಡಿಸಿದವರು ರಿನ್ಯೂವಲ್ ಮರೆತು ಸ್ಟೇರಿಂಗ್ ಹಿಡಿದಿರುತ್ತಾರೆ.

ವಯಸ್ಸಿನ ಗೆರೆ ಎಳೆದಿರುವುದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸ್ವಂತ ಕಾರಿಗೆ 18 ಸಾಕು, ಸರಕು ಸಾಗಿಸುವ ಅಥವಾ ಬಾಡಿಗೆಗೆ ಓಡುವ ಗಾಡಿಗೆ 20 ತುಂಬಬೇಕು. 7ನೇ ಸೆಕ್ಷನ್ ಇನ್ನೊಂದು ಸೇರಿಸುತ್ತದೆ: ಟ್ರಾನ್ಸ್‌ಪೋರ್ಟ್ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬೇಕಾದರೆ ಅದಕ್ಕೆ ಮೊದಲು ಎಲ್‌ಎಂವಿ (ಕಾರಿನಂಥ ಹಗುರ ಗಾಡಿಯ) ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಹಳ್ಳಿಯ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ಇಪ್ಪತ್ತಾಗಲಿ ಅಂತ ಸುಮ್ಮನಿದ್ದವನು ಆಮೇಲೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.

ಟೊಮೆಟೊ ಸೀಸನ್‌ನಲ್ಲಿ ಎಪಿಎಂಸಿಯಿಂದ ಲೋಡು ಹೊರಡುವಾಗ ಡ್ರೈವರ್ ಸಿಗದೆ ಗಾಡಿ ನಿಲ್ಲುತ್ತದೆ. ಅಂಥ ಹೊತ್ತಿನಲ್ಲೇ ಮುಳಬಾಗಿಲು ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದರು. "ಟ್ರ್ಯಾಕ್ಟ್ರು, ಪಿಕಪ್ಪು ಎಲ್ಲಾ ಇವನೇ ಓಡ್ಸೋದು ಸಾರ್." ಹುಡುಗನಿಗೆ ಹತ್ತೊಂಬತ್ತು. ಸ್ಟೇರಿಂಗ್ ಕೊಡಲ್ಲ, ಕ್ಲೀನರ್ ಆಗಿ ಬರಲಿ, ಈ ತಿಂಗಳೇ ಎಲ್‌ಎಂವಿ ಮಾಡಿಸಿ ಅಂದೆ. ಅಪ್ಪನಿಗೆ ಬೇಸರವಾಯಿತು. ಹೊತ್ತು ಮಾಡಿಕೊಂಡು ಕಾರಣ ವಿವರಿಸಿದೆ: ಸಲ್ಲುವ ಲೈಸೆನ್ಸ್ ಇಲ್ಲದ ಡ್ರೈವರ್ ಕೈಲಿ ಯಾರಾದರೂ ಸತ್ತರೆ, ಅವರ ಮನೆಯವರಿಗೆ ದುಡ್ಡು ಕೊಡು ಅಂತ ಕೋರ್ಟು ಸಾಮಾನ್ಯವಾಗಿ ವಿಮಾ ಕಂಪನಿಗೆ ಹೇಳುತ್ತದೆ, ಆಮೇಲೆ ಕಂಪನಿ ಅದನ್ನು ಓನರ್‌ನಿಂದ ವಸೂಲಿ ಮಾಡುತ್ತದೆ. ಗೊತ್ತಿದ್ದೂ ಗಾಡಿ ಕೊಟ್ಟಿದ್ದಕ್ಕೆ ಓನರ್‌ಗೆ ಬೇರೆ ದಂಡ.

ಓನರ್‌ಗೆ ರಕ್ಷಣೆಯೂ ಇದೆ. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡ್ರೈವರ್ ಲೈಸೆನ್ಸ್ ವಿಷಯದಲ್ಲಿ ಓನರ್ ಎಚ್ಚರ ವಹಿಸಿಲ್ಲ ಅಂತ ಕಂಪನಿಯೇ ಸಾಬೀತು ಮಾಡಬೇಕು ಅಂದಿತು. ಅದಕ್ಕೇ ನಾನು ಡಿಎಲ್ ನಂಬರನ್ನು ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ಹಾಕಿ ನೋಡುತ್ತೇನೆ, ನರಸಾಪುರದವರೆಗೆ ಪಕ್ಕದಲ್ಲಿ ಕೂತು ಓಡಿಸಿ ನೋಡುತ್ತೇನೆ, ಎರಡನ್ನೂ ತಾರೀಖು ಹಾಕಿ ಫೈಲಿನಲ್ಲಿ ಇಡುತ್ತೇನೆ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲೋಡು ಸೇರಿ 7,500 ಕೆಜಿ ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ ಹೇಳಿದೆ. ಟಾಟಾ ಏಸ್, ಬೊಲೆರೊ ಪಿಕಪ್ ಓಡಿಸುವ ಹುಡುಗರಿಗೆ ಇದು ದೊಡ್ಡ ಅನುಕೂಲ. ಆದರೆ ಇದೇ ತೀರ್ಪು ತೋರಿಸಿ ಹದಿನೆಂಟರ ಹುಡುಗನ ಕೈಗೆ ಏಸ್ ಕೀ ಕೊಡುವುದನ್ನು ನಾನು ಒಪ್ಪುವುದಿಲ್ಲ.

ರಾತ್ರಿ ಓಡಾಟ, ಘಾಟಿಯಲ್ಲಿ ಲೋಡು ಗಾಡಿ ಕೆಳಗಿಳಿಸುವುದು, ನಿದ್ದೆ ತಡೆಯುವುದು ಹೊಸಬರಿಗೆ ಕಷ್ಟ, ಅದು ನಿಜವಾದ ಭಯ. ಅದಕ್ಕೆ ಇನ್ಶೂರೆನ್ಸ್ ಹೆಸರು ಹೇಳುವ ಬದಲು ದಾರಿ ಮಾಡಬೇಕು. ಲೈಸೆನ್ಸ್ ಸಿಕ್ಕ ಹುಡುಗನಿಗೆ ನಮ್ಮಲ್ಲಿ ಮೊದಲ ವರ್ಷ ಹಗಲು ಹೊತ್ತಿನ ಬೆಂಗಳೂರು ಲೋಡು ಮಾತ್ರ. ಚೆನ್ನೈಗೆ ಹೋದರೆ ಹಳಬರೊಬ್ಬರು ಜೊತೆಗಿರುತ್ತಾರೆ. ಎರಡು ಆಳಿಗೆ ಬಾಟಾ (ದಾರಿ ಖರ್ಚಿನ ಭತ್ಯೆ) ಯಾಕೆ ಅಂತ ನಮ್ಮ ಓನರ್ ಮೊದಲು ಒಪ್ಪಲಿಲ್ಲ. ಸೀಸನ್‌ನಲ್ಲಿ ಗಾಡಿ ನಿಂತರೆ ಕೈತಪ್ಪುವ ಬಾಡಿಗೆ ಎಷ್ಟು ಅಂತ ಲೆಕ್ಕ ಬರೆದು ತೋರಿಸಿದ ಮೇಲೆ ಒಪ್ಪಿದರು.