ಆ ಗೆರೆ ಎಲ್ಲಿಂದ ಬಂತು?

ಮಂಗಳವಾರ ನಮ್ಮ ಆಫೀಸಿನಲ್ಲಿ ಜಿಐಎಸ್ ಅನಲಿಸ್ಟ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವವರ, ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಬಂದವರಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ. ಏಳು ವರ್ಷ ಪರವಾನಗಿ ಭೂಮಾಪಕನಾಗಿ ಹೊಲ ಅಳೆದಿದ್ದಾನೆ. ರಾತ್ರಿ ಕೂತು ತಾನೇ ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್ ಕಲಿತಿದ್ದಾನೆ. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ಅವನ ರೆಸ್ಯೂಮೆ ತಿರುವಿ ಹಾಕಿದರು. "ಇದು ಸರ್ವೆ ಅನುಭವ ಅಲ್ವಾ? ಜಿಐಎಸ್ ಅಂತ ಲೆಕ್ಕಕ್ಕೆ ಬರಲ್ಲ. ಸೊನ್ನೆ ಅಂತ ಹಾಕ್ಕೊಳ್ಳೋಣ" ಅಂದರು. ಹುಡುಗ ಎದುರಿಗೇ ಕೂತಿದ್ದ.

ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಒಂದು ಕ್ಷಣ ಸುಮ್ಮನಿದ್ದು ಕೇಳಿದ: "ಸರ್, ಹಂಗಾದ್ರ ನಿಮ್ಮ ಕಂಪ್ಯೂಟರಿಗೆ ಆ ಗೆರಿ ಎಲ್ಲಿಂದ ಬಂತ್ರಿ?"

ಸಹೋದ್ಯೋಗಿ ಮುಂದಿನ ಪ್ರಶ್ನೆಗೆ ಹೋದರು. ನನಗೆ ಹೋಗಲು ಆಗಲಿಲ್ಲ. ಈ ವಾರ ಪೂರ್ತಿ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಅದೇ ಮಾತು ಕೇಳಿಸುತ್ತಿದೆ.

ಆ ಸಹೋದ್ಯೋಗಿ ಕೆಟ್ಟವರಲ್ಲ. ಪೈಥಾನ್‌ನಲ್ಲಿ ಅವರಷ್ಟು ಚೆನ್ನಾಗಿ ಸ್ಕ್ರಿಪ್ಟ್ ಬರೆಯುವವರು ನಮ್ಮಲ್ಲಿ ಇಲ್ಲ. ಹೊಸಬರಿಗೆ ತಾಳ್ಮೆಯಿಂದ ಕಲಿಸುತ್ತಾರೆ. ಆದರೆ ಬದುವಿನ ಮೇಲೆ ನಿಂತು ಇಬ್ಬರು ಅಣ್ಣತಮ್ಮಂದಿರ ಜಗಳ ಕೇಳಿದವರಲ್ಲ. ನಮ್ಮ ಕ್ಷೇತ್ರದಲ್ಲಿ ಅಂಥವರೇ ಜಾಸ್ತಿ, ಕೆಲಸ ಕೊಡುವ ಕುರ್ಚಿಯಲ್ಲಿ ಕೂತಿರುವವರೂ ಅವರೇ.

ನಾನು ಈ ಕೆಲಸಕ್ಕೆ ಬಂದಿದ್ದು ಬೇರೆ ದಾರಿಯಲ್ಲಿ. ಭೂಗೋಳ ಓದಿ ಬೆಂಗಳೂರಿಗೆ ಬಂದಾಗ ಸಿಕ್ಕಿದ್ದು ಡಿಜಿಟೈಸಿಂಗ್ ಕೆಲಸ. ಅಮೆರಿಕದ ಊರುಗಳ ನಕ್ಷೆಯನ್ನು ಸ್ಕ್ರೀನ್ ಮೇಲೆ ಇಟ್ಟುಕೊಂಡು ಸೈಟಿನ ಗಡಿ, ಕರೆಂಟ್ ಕಂಬ, ಗ್ಯಾಸ್ ಪೈಪು ಎಲ್ಲದರ ಮೇಲೂ ಗೆರೆ ಎಳೆಯಬೇಕು. ದಿನಕ್ಕೆ ಇಷ್ಟು ಅಂತ ಟಾರ್ಗೆಟ್. ಬೆಂಗಳೂರು, ಹೈದರಾಬಾದ್, ನೊಯ್ಡಾದಲ್ಲಿ ನನ್ನ ಹಾಗೆ ಸಾವಿರಾರು ಜನ ಆಗ ಕೂತಿದ್ದರು. ಮೌಸ್ ಹಿಡಿದ ಆ ವರ್ಷಗಳನ್ನು ಯಾರೂ ಸೊನ್ನೆ ಅನ್ನಲಿಲ್ಲ. ಓಹಿಯೊದ ಯಾವುದೋ ಬೀದಿಯ ತಿರುವು ನನಗೆ ಬಾಯಿಪಾಠ ಆಗಿತ್ತು. ನಮ್ಮೂರಿನ ಗ್ರಾಮ ನಕ್ಷೆಯನ್ನು ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ.

ನೋಡಿದ್ದು ಆಮೇಲೆ, ಹಳೆಯ ಗ್ರಾಮ ನಕ್ಷೆಗಳನ್ನು ಕಂಪ್ಯೂಟರಿಗೆ ತರುವ ಒಂದು ಕೆಲಸದಲ್ಲಿ. ನಿವೃತ್ತ ಸರ್ವೇಯರ್ ಒಬ್ಬರು ನಮಗೆ ಸಲಹೆಗಾರರಾಗಿದ್ದರು. ಟಿಪ್ಪಣಿ, ಅಂದರೆ ಹೊಲ ಅಳೆದಾಗ ಬರೆದಿಟ್ಟ ಅಳತೆಯ ಹಾಳೆ, ಓದುವುದನ್ನು ಅವರೇ ಕಲಿಸಿದ್ದು. 33 ಅಡಿಯ ಸರಪಳಿ, ಒಂದು ಸರಪಳಿಗೆ 16 ಆಣೆ, ಅಂದರೆ ಒಂದು ಆಣೆಗೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಸರಪಳಿ ಉದ್ದ, ಸರಪಳಿ ಅಗಲ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. "ಅಳತೆ ಇರೋದು ಟಿಪ್ಪಣಿಯಲ್ಲಿ ಕಣಮ್ಮ, ನಕ್ಷೆ ಅದರ ಚಿತ್ರ ಅಷ್ಟೇ" ಅನ್ನುತ್ತಿದ್ದರು.

ಅವರು ಹೇಳಿದ್ದರ ತೂಕ ಗೊತ್ತಾಗಬೇಕಾದರೆ ಒಂದು ಲೆಕ್ಕ ಮಾಡಬೇಕು. ನಾವು ಸ್ಕ್ಯಾನ್ ಮಾಡುತ್ತಿದ್ದ ಗ್ರಾಮ ನಕ್ಷೆಗಳ ಅಳತೆ 1:7920, ಅಂದರೆ ಕಾಗದದ ಒಂದು ಇಂಚು ನೆಲದ ಮೇಲೆ 7920 ಇಂಚು. ಅದರ ಮೇಲಿನ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಸುಮಾರು 4 ಮೀಟರ್, ಅಂದರೆ 13 ಅಡಿ ಆಗುತ್ತದೆ. 330 ಅಡಿ ಉದ್ದದ ಬದುವಿನ ಪಕ್ಕ 13 ಅಡಿ ಆಚೀಚೆ ಆದರೆ ಹೆಚ್ಚುಕಡಿಮೆ 4 ಗುಂಟೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಬರೀ ಗೆರೆಯ ದಪ್ಪದಲ್ಲಿ! ಅದರ ಮೇಲೆ ಹಳೆಯ ಕಾಗದ ಹಿಗ್ಗಿರುತ್ತದೆ, ಕುಗ್ಗಿರುತ್ತದೆ, ಮಡಿಕೆ ಬಿದ್ದ ಕಡೆ ಹರಿದಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಉಪಗ್ರಹ ಚಿತ್ರದ ಮೇಲೆ ಕೂರಿಸಿ, ಎಳೆದು ಹೊಂದಿಸುತ್ತೇವೆ. ಸ್ಕ್ರೀನ್ ಮೇಲೆ ಎಷ್ಟು ಬೇಕಾದರೂ ದೊಡ್ಡದು ಮಾಡಿ ನೋಡಿ, ಗೆರೆ ಕೂದಲಿನಷ್ಟೇ ತೆಳ್ಳಗೆ ಕಾಣುತ್ತದೆ. ಜನ ಫೋನಿನಲ್ಲಿ ದಿಶಾಂಕ್ ತೆರೆದು, ತಾವು ನಿಂತ ಜಾಗದ ಸರ್ವೆ ನಂಬರ್ ನೋಡುತ್ತಾರೆ. ತುಂಬಾ ಉಪಯೋಗದ ಆ್ಯಪ್ ಅದು. ಆದರೆ ಬದುವಿನ ಜಗಳ ಬಂದಾಗ ಅಳತೆಯವರೇ ಬರಬೇಕು.

ಇಂಟರ್‌ವ್ಯೂನಲ್ಲಿ ನನ್ನ ಸರದಿ ಬಂದಾಗ ನಾನು ಹುಡುಗನಿಗೆ ಇದನ್ನೇ ಕೇಳಿದೆ. ಗಡಿಯ ಬಾಂದು ಕಲ್ಲು ಇಲ್ಲದಿದ್ದರೆ ಏನು ಮಾಡ್ತೀಯಪ್ಪ?

ಅವನ ಮುಖ ಆಗ ಅರಳಿತು. ಮೊದಲು ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ನೋಟಿಸ್ ಹೋಗಿದೆಯಾ ನೋಡುತ್ತೇನೆ ಅಂದ. ಆಮೇಲೆ ಮೂರು ಊರಿನ ಎಲ್ಲೆ ಕೂಡುವ ಕಡೆಯ ಕಲ್ಲು ಹುಡುಕುತ್ತೇನೆ, ಅದನ್ನು ಸುಲಭಕ್ಕೆ ಯಾರೂ ಕೀಳುವುದಿಲ್ಲ ಅಂದ. ಅಲ್ಲಿಂದ ಟಿಪ್ಪಣಿ ಹಿಡಿದು ಅಳೆಯುತ್ತಾ ಬರುವುದು. ಜಗಳ ಇರುವ ಎರಡೂ ಕಡೆಯವರ ಕೈಗೆ ಟೇಪಿನ ಒಂದೊಂದು ತುದಿ ಕೊಡುತ್ತಾನಂತೆ. ತಾವೇ ಹಿಡಿದು ಅಳೆದ ಮೇಲೆ ಅಳತೆ ಸುಳ್ಳು ಅನ್ನುವುದು ಕಷ್ಟ. ಈಗ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಎಂಬ ಉಪಕರಣ ಬಂದು ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ತೋರಿಸುತ್ತದೆ, ಕೆಲಸ ಬೇಗ ಆಗುತ್ತದೆ. "ಆದ್ರ ಮೇಡಂ, ರೋವರ್ ಎಲ್ಲಿ ಇಡಬೇಕು ಅಂತ ಯಾರರ ಹೇಳಬೇಕಲ್ರಿ" ಅಂದ.

ಟೊಪಾಲಜಿ (ನಕ್ಷೆಯ ಆಕಾರಗಳು ಒಂದಕ್ಕೊಂದು ಹೇಗೆ ತಾಗಿಕೊಂಡಿವೆ ಅನ್ನುವುದು) ಅಂದರೇನು ಅಂತ ನನ್ನ ಸಹೋದ್ಯೋಗಿ ಕೇಳಿದಾಗ ಪುಸ್ತಕದ ಉತ್ತರ ಅವನಿಗೆ ಬರಲಿಲ್ಲ. ಆದರೆ ಎರಡು ಸರ್ವೆ ನಂಬರ್ ಒಂದರ ಮೇಲೊಂದು ಬಿದ್ದರೆ, ನಡುವೆ ಸಂದು ಬಿಟ್ಟರೆ, ಊರಿನಲ್ಲಿ ಏನೇನಾಗುತ್ತದೆ ಅಂತ ವಿವರವಾಗಿ ಹೇಳಿದ. ಅದಕ್ಕಿಂತ ಒಳ್ಳೆಯ ಉತ್ತರ ನಾನಂತೂ ಕೇಳಿಲ್ಲ.

ಮನೆಗೆ ಬಂದ ಮೇಲೆ ಕಾವಲಿ ಸೋದರರು ನೆನಪಾದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ಕೆಲಸ ಕಾಲಿನ್ ಮೆಕೆಂಜಿಗೆ ಸಿಕ್ಕಿತು. ಅವನಿಗಾಗಿ ಊರೂರಿನ ಜನರನ್ನು ಮಾತಾಡಿಸಿ, ಶಾಸನ, ಕೈಫಿಯತ್ತು (ಊರಿನ ಚರಿತ್ರೆಯ ಬರಹ) ಕಲೆಹಾಕಿದವರು ಕಾವಲಿ ವೆಂಕಟ ಬೋರಯ್ಯ. 1803ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ ಆ ಕೆಲಸ ಹೊತ್ತುಕೊಂಡರು. ಮೆಕೆಂಜಿ 1815ರಲ್ಲಿ ಭಾರತದ ಸರ್ವೇಯರ್ ಜನರಲ್ ಆದ, 1821ರಲ್ಲಿ ಸತ್ತ. 1830ರ ದಶಕದಲ್ಲಿ ಲಕ್ಷ್ಮಯ್ಯ ಆ ಸಂಗ್ರಹದ ಕೆಲಸವನ್ನು ತಾವು ಮುಂದುವರಿಸುತ್ತೇವೆ ಅಂತ ಕೇಳಿಕೊಂಡರು. ಬಂಗಾಳದ ಏಷ್ಯಾಟಿಕ್ ಸೊಸೈಟಿ ಒಪ್ಪಲಿಲ್ಲ. ಅವರಿಗೆ ಅದಕ್ಕೆ ಬೇಕಾದ ಅರ್ಹತೆ ಇಲ್ಲ ಅಂದಿತು. ಆ ಸಂಗ್ರಹವನ್ನು ಪರಿಶೀಲಿಸುವ ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಗೆ ಹೋಯಿತು. ಅಷ್ಟು ವರ್ಷ ಊರೂರು ತಿರುಗಿದ ಮನುಷ್ಯನಿಗೆ ಇಂಥ ಉತ್ತರ. ಮೊದಲ ಸಲ ಇದನ್ನು ಓದಿದಾಗ ಬೇಜಾರಾಗಿತ್ತು. ಮಂಗಳವಾರ ರಾತ್ರಿ ನೆನೆಸಿಕೊಂಡಾಗ ಕೋಪವೇ ಬಂತು.

ಕೋಪಕ್ಕೆ ಇನ್ನೊಂದು ಕಾರಣವೂ ಇದೆ. ನಾನು ವರ್ಷಗಟ್ಟಲೆ ಮಾಡಿದ ಗೆರೆ ಎಳೆಯುವ ಕೆಲಸವನ್ನು ಈಗ ಯಂತ್ರವೇ ಮಾಡುತ್ತದೆ. ಉಪಗ್ರಹ ಚಿತ್ರದಿಂದ ಯಂತ್ರ ಗುರುತಿಸಿದ ಕೋಟಿಗಟ್ಟಲೆ ಕಟ್ಟಡಗಳ ಗೆರೆಗಳನ್ನು ಗೂಗಲ್, ಮೈಕ್ರೋಸಾಫ್ಟ್ ಎರಡೂ ಎಲ್ಲರಿಗೂ ಬಿಟ್ಟುಕೊಟ್ಟಿವೆ. ಹೊಲದ ಬದುಗಳನ್ನೂ ಹೀಗೆ ಗುರುತಿಸಬಹುದು. ಆದರೆ ಚಿತ್ರದಲ್ಲಿ ಕಾಣುವುದು ಇವತ್ತಿನ ಬದು. ಹೋದ ಮಳೆಗಾಲದಲ್ಲಿ ಯಾರು ಅದನ್ನು ಎರಡು ಅಡಿ ಆಚೆ ಸರಿಸಿದರು, ಅದನ್ನು ಊರಿನಲ್ಲೇ ಕೇಳಬೇಕು. ಸ್ಕ್ರೀನ್ ಮುಂದಿನ ಕೆಲಸ ಅಗ್ಗ ಆಗುತ್ತಿರುವ ಈ ಹೊತ್ತಿನಲ್ಲೇ ನೆಲದ ಕೆಲಸ ಬಲ್ಲವನಿಗೆ ಸೊನ್ನೆ ಹಾಕಿದರೆ ಹೇಗೆ? ಅಂಥವನನ್ನು ಹುಡುಕಿಕೊಂಡು ಹೋಗಬೇಕಾದವರು ನಾವು.

ಅವನ ಹಾಳೆಯಲ್ಲಿ ನಾನು ಅನುಭವ ಏಳು ವರ್ಷ ಅಂತ ಬರೆದೆ. ಸಹೋದ್ಯೋಗಿ ತಮ್ಮ ಹಾಳೆಯಲ್ಲಿ ಸೊನ್ನೆ ಬರೆದರು. ಬುಧವಾರ ಇಬ್ಬರೂ ಮ್ಯಾನೇಜರ್ ಮುಂದೆ ಕೂತು ವಾದ ಮಾಡಿದೆವು. ಕೆಲಸ ಕೊಡೋಣ, ಸಂಬಳ ಹೊಸಬರದ್ದು ಅಂತ ಸಹೋದ್ಯೋಗಿ. ಏಳು ವರ್ಷದವರಿಗೆ ಕೊಡುವ ಸಂಬಳವೇ ಕೊಡಬೇಕು ಅಂತ ನಾನು. ಇನ್ನೂ ತೀರ್ಮಾನ ಆಗಿಲ್ಲ. ಸೋಮವಾರ ಮತ್ತೆ ಕೂರುತ್ತೇವೆ, ನಾನು ಬಿಡುವುದಿಲ್ಲ.

ಇದನ್ನು ಓದುತ್ತಿರುವ ಭೂಮಾಪಕರು ಯಾರಾದರೂ ಇದ್ದರೆ ಒಂದು ಮಾತು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಯ ನಿಯಮ ಸಡಿಲ ಮಾಡಿದೆ. ನಮ್ಮ ಕಂಪನಿಗಳು ನಕ್ಷೆ ಮಾಡಲು ಮೊದಲಿನ ಹಾಗೆ ಮುಂಚಿತವಾಗಿ ಅನುಮತಿ ಕೇಳಬೇಕಿಲ್ಲ. ನಿಮಗೆ ಅವಕಾಶ ಇದೆ. ಕ್ಯೂಜಿಐಎಸ್‌ಗೆ ದುಡ್ಡು ಕೊಡಬೇಕಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಜಿಯೋರೆಫರೆನ್ಸಿಂಗ್, ಅಂದರೆ ಸ್ಕ್ಯಾನ್ ಮಾಡಿದ ನಕ್ಷೆಯನ್ನು ನೆಲದ ಸರಿಯಾದ ಜಾಗಕ್ಕೆ ಕೂರಿಸುವುದು, ಮೊದಲು ಕಲಿಯಿರಿ. ಯುಟಿಎಂ ವಲಯ (ನಕ್ಷೆಗಾಗಿ ಭೂಮಿಯನ್ನು ಉತ್ತರ-ದಕ್ಷಿಣವಾಗಿ ಹಂಚಿದ ಪಟ್ಟಿಗಳು) ಅರ್ಥ ಮಾಡಿಕೊಳ್ಳಿ: ನಮ್ಮ ರಾಜ್ಯದ ಬಹುಪಾಲು 43ರಲ್ಲಿದೆ, ಮುಳಬಾಗಿಲು ಕಡೆ ಹೋದರೆ 44 ಆಗುತ್ತದೆ. ರೆಸ್ಯೂಮೆಯಲ್ಲಿ 'ಸರ್ವೆ ಕೆಲಸ' ಅಂತ ಒಂದೇ ಸಾಲು ಬರೆದು ಬಿಡಬೇಡಿ. ಪೋಡಿ (ಜಮೀನು ಭಾಗ ಮಾಡುವ ಅಳತೆ) ಎಷ್ಟು ಮಾಡಿದಿರಿ, ಹದ್ದುಬಸ್ತು (ಗಡಿ ಗುರುತಿಸುವುದು) ಎಷ್ಟು, ಕಲ್ಲೇ ಇಲ್ಲದ ಕಡೆ ಗಡಿ ಹೇಗೆ ಹುಡುಕಿದಿರಿ, ಎಲ್ಲ ಬರೆಯಿರಿ. ಓದಿದವರಿಗೆ ಅರ್ಥ ಆಗದಿದ್ದರೆ ಎದುರಿಗೆ ಕೂತು ವಿವರಿಸಿ, ಆ ಹುಡುಗ ವಿವರಿಸಿದ ಹಾಗೆ.