ಹುಳು ಮನೆಗೊಂದು ಪುಸ್ತಕ, ಅದಕ್ಕೊಂದು ಬೀಗ

ಶಿಡ್ಲಘಟ್ಟದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಬಯೋಡೇಟಾ, ಆನ್‌ಲೈನ್ ಅರ್ಜಿ, ಇಷ್ಟರಲ್ಲೇ ದಿನ ಹೋಗುತ್ತದೆ. ಹೋದ ತಿಂಗಳು ಚಾಕಿ ಕೇಂದ್ರ (ರೇಷ್ಮೆಯ ಎಳೆ ಹುಳುಗಳನ್ನು ಸಾಕಿಕೊಡುವ ಜಾಗ) ನಡೆಸುವ ಅಣ್ಣ ಒಬ್ಬರು ಬೇರೆ ಥರದ ಕೆಲಸ ತಂದರು. ರೇಷ್ಮೆ ಹುಳು ಸಾಕುವುದರ ಬಗ್ಗೆ ತಮ್ಮ ವೆಬ್‌ಸೈಟಿಗೆ ಬರೆದದ್ದೆಲ್ಲ ನೆಟ್ ಇಲ್ಲದೆಯೂ ತೆರೆಯುವ ಒಂದೇ ಪುಸ್ತಕ ಆಗಬೇಕಂತೆ. "ಜೊತೆಗೊಂದು ಬೀಗ ಹಾಕ್ಕೊಡಪ್ಪ" ಅಂದರು.

ಬೀಗ ಹಾಕುವ ಸಾಫ್ಟ್‌ವೇರ್ ಬೇಕಾದಷ್ಟಿವೆ. ಎಚ್‌ಟಿಎಂಎಲ್ ಪುಟಗಳನ್ನೆಲ್ಲ ಸೇರಿಸಿ ಒಂದು ಇಎಕ್ಸ್‌ಇ ಫೈಲ್ ಮಾಡಿಕೊಡುತ್ತವೆ. ಪಾಸ್‌ವರ್ಡ್ ಇಡಬಹುದು, ಪ್ರಿಂಟ್ ತಡೆಯಬಹುದು. ಆದರೆ ಅದು ಓಡುವುದು ವಿಂಡೋಸ್ ಕಂಪ್ಯೂಟರಲ್ಲಿ. ಹುಳುಗಳಿಗೆ ಸೊಪ್ಪು ಹಾಕುತ್ತಾ ನಿಂತವರ ಜೇಬಲ್ಲಿರುವುದು ಆಂಡ್ರಾಯ್ಡ್ ಫೋನು. ಅಲ್ಲಿಗೆ ಆ ಮಾತು ಮುಗಿಯಿತು.

ಇಪಬ್ ಅನ್ನುವ ಇ-ಪುಸ್ತಕದ ಫೈಲ್ ಒಳ್ಳೆಯದು. ಅದರ ಹೊಟ್ಟೆಯಲ್ಲಿರುವುದೂ ವೆಬ್ ಪುಟಗಳೇ, ಜಿಪ್ ಮಾಡಿ ಇಟ್ಟಿರುತ್ತಾರೆ ಅಷ್ಟೆ. ಪ್ಯಾಂಡಾಕ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆಯಾಗಿ ಕಟ್ಟಿಕೊಡುತ್ತದೆ, ಸಿಗಿಲ್ ಅನ್ನುವ ಇನ್ನೊಂದರಲ್ಲಿ ತಿದ್ದಿಕೊಳ್ಳಬಹುದು. ವಯಸ್ಸಾದವರು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಹುಳುಗಳಿಗೆ ಬರುವ 'ಹಾಲುರೋಗ' ಅಂತ ಹುಡುಕಿದರೆ ಸಿಗುತ್ತದೆ. ಕನ್ನಡ ಪಿಡಿಎಫ್‌ನಲ್ಲಿ ಎಷ್ಟೋ ಸಲ ಇದೇ ತಕರಾರು: ಕಣ್ಣಿಗೆ ಒತ್ತಕ್ಷರ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಇಲ್ಲ, ಕಾಪಿ ಮಾಡಿದರೆ ಚೆಲ್ಲಾಪಿಲ್ಲಿ. ಅಣ್ಣನ ಹಳೇ ಲೇಖನಗಳು ನುಡಿಯ ಹಳೇ ಫಾಂಟಿನಲ್ಲಿದ್ದವು. ಯೂನಿಕೋಡ್‌ಗೆ ತಿರುಗಿಸಿ, ಅರ್ಕಾವತ್ತು ಎಡವಿದ ಕಡೆಯೆಲ್ಲ ಕೈಯಲ್ಲೇ ತಿದ್ದಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಪುಸ್ತಕದೊಳಗೇ ಸೇರಿಸಿದೆ. ನಿಜವಾದ ಕೆಲಸ ಅಂದರೆ ಇದೇ.

ಇನ್ನು ಬೀಗ. ಯಾರು ಕದೀತಾರೆ ಅಂತ ಭಯ ಅಣ್ಣಾ ಅಂದೆ. "ಕದ್ದರೆ ಕದೀಲಿ ಬಿಡಪ್ಪ. ಅಂಕಿ ಬದಲಾಯಿಸ್ತಾರಲ್ಲ!" ಅಂದರು. ಹುಳು ಮನೆಯ ಸೋಂಕು ತೆಗೆಯಲು ಅವರು ಬರೆದದ್ದು 100 ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ. ವಾಟ್ಸಾಪ್‌ನಲ್ಲಿ ಊರೂರು ಸುತ್ತಿ ವಾಪಸ್ ಬಂದಾಗ 2 ಕೆಜಿ ಇದ್ದದ್ದು 200 ಗ್ರಾಂ ಆಗಿತ್ತು, ಕೆಳಗೆ ಇವರದ್ದೇ ಹೆಸರು. ಅದನ್ನು ನಂಬಿ ಬೆಳೆ ಹೋದರೆ ಬೈಗುಳ ಯಾರಿಗೆ?

ಇದಕ್ಕೆ ಪಾಸ್‌ವರ್ಡ್ ಮದ್ದಲ್ಲ. ಫೈಲ್ ಜೊತೆ ಪಾಸ್‌ವರ್ಡನ್ನೂ ಫಾರ್ವರ್ಡ್ ಮಾಡುವ ಜನ ನಾವು, ಅಲ್ವಾ? ಪಿಡಿಎಫ್‌ಗೆ 'ತಿದ್ದಬಾರದು' ಅಂತ ಹಾಕುವ ತಡೆಯೂ ಓದುವ ಆ್ಯಪ್ ಮರ್ಯಾದೆ ಕೊಟ್ಟರೆ ಮಾತ್ರ. ಡಿಜಿಟಲ್ ಸಹಿ ಹಾಗಲ್ಲ. ಅದು ಯಾರನ್ನೂ ತಡೆಯುವುದಿಲ್ಲ, ಆದರೆ ಸಹಿ ಆದಮೇಲೆ ಒಂದು ಅಂಕಿ ತಿದ್ದಿದರೂ ಪಿಡಿಎಫ್ ತೆರೆಯುವ ಅಕ್ರೋಬ್ಯಾಟ್ ಹೇಳಿಬಿಡುತ್ತದೆ. ಫೋನಿನ ಎಷ್ಟೋ ಆ್ಯಪ್‌ಗಳು ಸಹಿ ನೋಡುವುದೇ ಇಲ್ಲ, ನಿಜ. ಜಗಳ ಬಂದಾಗ ಅಸಲಿ ಯಾವುದು ಅಂತ ತೋರಿಸಲಾದರೂ ಆಗುತ್ತದೆ.

ಕೊನೆಗೆ ಎರಡೂ ಕೊಟ್ಟೆ. ಓದಲು ಇಪಬ್, ಸಾಕ್ಷಿಗೆ ಸಹಿ ಮಾಡಿದ ಪಿಡಿಎಫ್. ಪಿಡಿಎಫ್ ಪುಟ ಎ4 ಬದಲು ಎ6 ಇಟ್ಟೆ, ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದುವ ಗೋಳಿಲ್ಲ. ಈಗ ಅಣ್ಣ ಗೂಡಿನ ಮಾರುಕಟ್ಟೆ ಗೇಟಿಗೆ ಅದರ ಕ್ಯೂಆರ್ ಅಂಟಿಸಬೇಕು ಅಂತಿದ್ದಾರೆ. ಅನುಮತಿ ಕೇಳೋ ಅರ್ಜಿಯೂ ನಮ್ಮ ಅಂಗಡಿಯಲ್ಲೇ ಟೈಪ್ ಆಗಿದೆ.